ಒರತಿ ನೀರು

ಮುಹರ್ರಕ್‌ನ ಈ ಓಣಿಯಲ್ಲಿ ಆಗಸ್ಟ್ ತಿಂಗಳ ರಾತ್ರಿ
ಗಾಳಿ ಹಿಂಡಿದರೆ ನೀರು ಬರುತ್ತದೆ.
ಮಾತಿಗೆ ಹೇಳಿದ್ದಲ್ಲ, ನನ್ನ ಕಸುಬೇ ಅದು:
ಏಸಿ ರಿಪೇರಿ, ಗ್ಯಾಸ್ ತುಂಬುವುದು, ಪೈಪಿನ ಪಾಚಿ ತೆಗೆಯುವುದು.
ಹನ್ನೊಂದು ವರ್ಷವಾಯಿತು
ಬೇರೆಯವರ ಕೋಣೆ ತಂಪು ಮಾಡುತ್ತ,
ಹೊರಗೆ ಏಣಿಯ ಮೇಲೆ ನಿಂತು
ಆ ಕೋಣೆಯ ಬಿಸಿಯನ್ನು ಮುಖಕ್ಕೆ ಊದಿಸಿಕೊಳ್ಳುತ್ತ.

ನಮ್ಮ ರೂಮಿನ ಕಿಟಕಿಯ ಕೆಳಗೂ ಒಂದು ಡಬ್ಬಿ ಇಟ್ಟಿದ್ದೇನೆ,
ಬಣ್ಣದ ಡಬ್ಬಿ, ಅಂಚಿಗೆ ಇನ್ನೂ ಬಿಳಿ ಕಟ್ಟಿದೆ.
ಟಪ್ಪ್. ನಾಲ್ಕು ಎಣಿಸಿದರೆ ಮತ್ತೆ ಟಪ್ಪ್.
ಬೆಳಗಾಗುವಷ್ಟರಲ್ಲಿ ತುಂಬಿರುತ್ತದೆ.
ಟೇಕ್ ಬಹಾದೂರ ಅದರಲ್ಲಿ ಸಾಕ್ಸು ತೊಳೆಯುತ್ತಾನೆ,
ನಾನು ಕರಿಬೇವಿನ ಗಿಡಕ್ಕೆಂದು ಒಂದು ಹಲಗೆ ಮುಚ್ಚಿಡುತ್ತೇನೆ.
ಮೊದಮೊದಲು ಆ ಸದ್ದಿಗೆ ನಿದ್ದೆ ಬರುತ್ತಿರಲಿಲ್ಲ.
ಎಲ್ಲೋ ಕೇಳಿದ್ದು. ಎಲ್ಲಿ?

ಯುಗಾದಿ ಕಳೆದರೆ ನಮ್ಮ ಹಳ್ಳ ಬರೀ ಉಸುಕು.
ಅವ್ವ ಸೀರೆ ಎತ್ತಿ ಕಟ್ಟಿ, ಕೂತು, ಕೈಯಿಂದಲೇ ತೋಡುತ್ತಿದ್ದಳು,
ಮೊಣಕೈವರೆಗೆ, ಆಮೇಲೆ ಭುಜದವರೆಗೆ.
ಮೊದಲು ಒಣ ಉಸುಕು, ಆಮೇಲೆ ಹಸಿ,
ಆಮೇಲೆ ಬೆರಳಿಗೆ ತಣ್ಣಗೆ ಏನೋ ಕಚ್ಚಿದ ಹಾಗೆ.
“ಬಂತು, ಸುಮ್ನ ಕೂಡ್ರು” ಅನ್ನುತ್ತಿದ್ದಳು,
ಮಾತಾಡಿದರೆ ನೀರು ಹಿಂದಕ್ಕೆ ಹೋದೀತೆಂಬಂತೆ.
ಒಂದು ಚಿಪ್ಪು ತುಂಬಲು ಟಿಟ್ಟಿಭ ಎರಡು ಸಲ ಕೂಗಬೇಕು.
ಅರಿವೆ ಕಟ್ಟಿದ ಕೊಡದ ಬಾಯಿಗೆ ಚಿಪ್ಪು ಚಿಪ್ಪಾಗಿ ಸುರಿಯಬೇಕು.
ಒಂದು ಕೊಡಕ್ಕೆ ನೂರಾ ಹದಿನೆಂಟು.
ನನಗೆ ಎಣಿಕೆ ಬಂದದ್ದು ಶಾಲೆಯಲ್ಲಲ್ಲ.

ಫಕೀರವ್ವನ ಒರತಿ ಫಕೀರವ್ವನದು, ನಮ್ಮದು ನಮ್ಮದು.
ರಾತ್ರಿ ನಾಯಿ ಇಳಿಯದಂತೆ ಮೇಲೆ ಜಾಲಿಮುಳ್ಳು.
ಒಮ್ಮೆ ಅವಳ ಮುಳ್ಳು ಸರಿಸಿ ನಾಲ್ಕು ಚಿಪ್ಪು ಕದ್ದೆ.
ನೋಡಿದಳು.
“ಅಡಿಯಾಗ ಒಂದ ನೀರ ಐತಿ ತಮ್ಮಾ,
ಮುಳ್ಳು ನಾವು ಇಟ್ಟದ್ದು” ಅಂದು
ತಂಬಾಕು ಉಗುಳಿ ಹೋದಳು.
ಬಯ್ದಿದ್ದರೆ ಮರೆತಿರುತ್ತಿದ್ದೆ.

ಮೊನ್ನೆ ಜಾಸಿಂ ಅಜ್ಜನ ಮನೆಗೆ ಹೋಗಿದ್ದೆ. ಹಳೇ ಕಿಟಕಿ ಏಸಿ,
ಅವನಷ್ಟೇ ಕೆಮ್ಮುತ್ತದೆ.
ತಟ್ಟೆ ಬಿಚ್ಚಿ ನೀರು ಚೆಲ್ಲಲು ಹೋದರೆ ಕೈ ಹಿಡಿದ.
ಅವನ ಅರ್ಧ ಹಿಂದಿ, ನನ್ನ ಮುರುಕು ಅರಬ್ಬಿ:
ಅವನಪ್ಪ ಮುತ್ತಿನ ದೋಣಿಯವನಂತೆ.
ಕುಡಿಯುವ ನೀರಿಗೂ ಕಡಲಿಗೇ ಧುಮುಕುತ್ತಿದ್ದನಂತೆ.
ಅಷ್ಟು ಉಪ್ಪಿನ ಅಡಿಯಲ್ಲಿ, ಉಸುಕಿನೊಳಗಿಂದ
ಸಿಹಿನೀರು ಉಕ್ಕುತ್ತಿತ್ತಂತೆ, ಬರಿಗಾಲಿಗೆ ತಣ್ಣಗೆ.
ಆಡಿನ ಚರ್ಮದ ಚೀಲ ಅದರ ಬಾಯಿಗೆ ಹಿಡಿದು
ಉಸಿರು ಕಟ್ಟಿ ತುಂಬಿಸಿ ಮೇಲೆ ಬರಬೇಕು.
“ಈಗ?” ಅಂದೆ.
ಅಜ್ಜ ಅಂಗೈ ಮಗುಚಿದ.
ಅಲ್ಲಿ ಕಡಲು ತುಂಬಿಸಿ ರಸ್ತೆ ಮಾಡಿದ್ದಾರೆ,
ನಾನು ದಿನಾ ವ್ಯಾನಿನಲ್ಲಿ ತೂಕಡಿಸಿಕೊಂಡು ಹೋಗುವ ರಸ್ತೆ.

ಶುಕ್ರವಾರ ಫೋನಿನಲ್ಲಿ ಅವ್ವನಿಗೆ ಹೇಳಿದೆ.
ಮುತ್ತಿನ ವಿಷಯ ಅವಳು ಕೇಳಲೇ ಇಲ್ಲ.
“ಒಂದ ಉಸರಿನಾಗ ಎಷ್ಟ ಚಿಪ್ಪು ತುಂಬತಿದ್ದ?” ಅಂದಳು.
ಅವಳ ಬಾಗಿಲಿಗೆ ಈಗ ನಲ್ಲಿ ಬಂದಿದೆ,
ಮಾಳಿಗೆ ಮೇಲೆ ನನ್ನ ದುಡ್ಡಿನ ಕರೀ ಸಿಂಟೆಕ್ಸು.
ಹಳ್ಳಕ್ಕೆ ಯಾರೂ ಹೋಗುವುದಿಲ್ಲ. ಉಸುಕನ್ನು ಲಾರಿಗಳು ಒಯ್ದವು.
ಅಡಿಯ ಬಂಡೆ ಕಾಣುತ್ತದಂತೆ, ತೋಡಿದರೆ ಉಗುರು ಹೋದೀತು.
“ಫಕೀರವ್ವ?”
“ಹ್ವಾದ ವರ್ಷಾನ ಹೋದಳಲ್ಲೋ, ಹೇಳಿದ್ದೆ ನಿನಗ.”
ಹೇಳಿದ್ದಳು. ನಾನು ಡ್ಯೂಟಿಯಲ್ಲಿದ್ದೆ.

ಇವತ್ತು ಡಬ್ಬಿಯ ನೀರು ಒಂದು ಗುಟುಕು ಕುಡಿದು ನೋಡಿದೆ.
ಮಣ್ಣು ಮುಟ್ಟದ ನೀರು. ತಗಡಿನ ವಾಸನೆ,
ಮತ್ತೇನೂ ಇಲ್ಲ.
ಕರಿಬೇವಿಗೆ ಅದೇ ಸಾಕು, ಈ ವಾರ ಎರಡು ಹೊಸ ಚಿಗುರು.
ಟೇಕ್ ಬಹಾದೂರ ಸಾಕ್ಸು ಹಿಡಿದು ಬಂದ,
ಮುಚ್ಚಿದ ಹಲಗೆ ನೋಡಿ ಸುಮ್ಮನೆ ನಿಂತ.
ಇಟ್ಟದ್ದು ನಾನೇ. ತೆಗೆದೆ.
ಅವನು ಕುಕ್ಕರಗಾಲಲ್ಲಿ ಕೂತು ತೊಳೆಯುತ್ತಿದ್ದಾನೆ,
ಅವರ ಬೆಟ್ಟದ ಯಾವುದೋ ಝರಿಯ ಮಾತು ಹೇಳುತ್ತ.
ನನಗೆ ಅರ್ಧ ತಿಳಿಯುತ್ತದೆ.
ಒಂದು, ಎರಡು, ಮೂರು,